ರಸ್ತೆಯ ಎರಡೂ ಬದಿಗೆ ಒಂದೇ ಹೆಸರಿನ ಸ್ಟಾಪು

ಸಂಜೆ ಆಫೀಸಿನಿಂದ ಹೊರಡುವಾಗ ಅಕ್ಕನ ಫೋನ್ ಬಂತು. "ಸ್ಟಾಪು ಆಚೆ ಕಡೆ ಇದೆ, ರಸ್ತೆ ದಾಟು ಅಂತಿದೆ ಕಣೋ ಈ ಆ್ಯಪು. ದಿನಾ ಈಚೆ ಕಡೇನೇ ತಾನೆ ನಾನು ಹತ್ತೋದು?"

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಹೇರೋಹಳ್ಳಿಯ ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುವ ಕೆಲಸ ಆಗಷ್ಟೇ ಸಿಕ್ಕಿತ್ತು. ಆ್ಯಪು ಹೇಳಿದ ದಾರಿ ಕೇಳಿಕೊಂಡು ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ನಿಂತಲ್ಲೇ ನಿಂತಿರು ಎಂದು ಹೇಳಿ ಗಾಡಿ ಓಡಿಸಿದೆ.

ಮನೆಗೆ ಬಂದ ಮೇಲೆ ಅಮ್ಮ ತೀರ್ಪು ಕೊಟ್ಟೇಬಿಟ್ಟಳು. "ನಾಳೆಯಿಂದ ನೀನೇ ಬಿಟ್ಟು ಕರ್ಕೊಂಡ್ ಬಾ. ಆಗ್ದಿದ್ರೆ ಅವ್ಳು ಕೆಲಸ ಬಿಡ್ಲಿ." ಅಕ್ಕ ಊಟ ಬಿಟ್ಟು ಎದ್ದುಹೋದಳು. ಯಾರ ಕೈಯನ್ನೂ ಹಿಡಿಯದೆ ಓಡಾಡಬೇಕು ಅಂತಲೇ ಅವಳು ಆ ಕೆಲಸಕ್ಕೆ ಸೇರಿದ್ದು.

ಆ ಆ್ಯಪು ನೋಡುವುದು ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯನ್ನು. ನಮ್ಮ ಕಡೆಯ ಸ್ಟಾಪುಗಳನ್ನು ಅದರಲ್ಲಿ ಗುರುತು ಹಾಕಿದವನು ನಾನೇ. ತೆರೆದು ನೋಡಿದರೆ, ಯಾರೋ ಪುಣ್ಯಾತ್ಮ ಶಾಲೆಯ ಹತ್ತಿರ ಒಂದೇ ಹೆಸರಿನ ಎರಡು ಸ್ಟಾಪು ಕಂಡು, ಒಂದು ಹೆಚ್ಚಾಯಿತೆಂದು ಅಕ್ಕ ಹತ್ತುವ ಕಡೆಯದನ್ನು ಅಳಿಸಿಹಾಕಿದ್ದಾನೆ. ನಮ್ಮೂರಲ್ಲಿ ಹೋಗುವ ಕಡೆಗೂ ಬರುವ ಕಡೆಗೂ ಸ್ಟಾಪಿಗೆ ಒಂದೇ ಹೆಸರು. ಸಾರಿಗೆಯವರು ಕೊಟ್ಟ ನಂಬರು ಮಾತ್ರ ಬೇರೆ. ಅವನಿಗೆ ಚೆನ್ನಾಗಿ ಬೈಯಬೇಕು ಅನ್ನಿಸಿತು. ಬೈದರೆ ಸ್ಟಾಪು ವಾಪಸ್ ಬರುತ್ತದೆಯೇ? ಅಳಿಸಿದ್ದನ್ನು ಮತ್ತೆ ಹಾಕಿ, ಅಲ್ಲಿಂದ ಗೋವಿಂದರಾಜನಗರದ ನಮ್ಮ ಸ್ಟಾಪಿನವರೆಗೂ ಎರಡೂ ಬದಿಗೆ ಅದರದರ ನಂಬರು ಸೇರಿಸಿದೆ. ಇವೆರಡೂ ಬೇರೆ ಬೇರೆ, ದಯವಿಟ್ಟು ಅಳಿಸಬೇಡಿ ಎಂದು ಅವನಿಗೂ ಬರೆದೆ. ಆ ಮನುಷ್ಯನಿಂದ "ಸಾರಿ ಸಾರ್, ಗೊತ್ತಿರಲಿಲ್ಲ" ಎಂದು ಉತ್ತರ ಬಂತು. ಅಲ್ಲಿಗೆ ನನ್ನ ಸಿಟ್ಟು ಠುಸ್ಸಾಯಿತು.

ಆ್ಯಪಿಗೆ ಹೊಸ ನಕ್ಷೆ ಬರುವವರೆಗೆ ಅಕ್ಕನನ್ನು ನಾನೇ ಬಿಟ್ಟು ಕರೆತಂದೆ. ಹೊಸ ನಕ್ಷೆ ಬಂದ ದಿನ ಅವಳು, "ಇವತ್ತು ನೀನು ಬರ್ಕೂಡ್ದು" ಅಂದಳು. ಬರಲ್ಲ ಅಂದೆ. ಆದರೆ ಸಂಜೆ ಮನಸ್ಸು ತಡೆಯದೆ ಹೋಗಿ ನಮ್ಮ ಸ್ಟಾಪಿನ ಪಕ್ಕದ ಬೇಕರಿ ಮುಂದೆ ನಿಂತೆ.

ಬಸ್ಸು ಬಂತು. ಅಕ್ಕ ಇಳಿದಳು. ಕೋಲು ತಟ್ಟುತ್ತಾ ನನ್ನ ಮುಂದೆಯೇ ಹಾದುಹೋದಳು. ಹೋದ ಜೀವ ಬಂದಂತಾಯಿತು. ಕೂಗಬೇಕು ಅನ್ನಿಸಿದರೂ ಕೂಗಲಿಲ್ಲ. ಅವಳು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದೆ.

ಮನೆ ಸೇರಿದಾಗ ಅಕ್ಕ ಕಾಫಿ ಕುಡಿಯುತ್ತಾ ಕೂತಿದ್ದಳು. "ಯಾಕೋ ಲೇಟು?"

"ಗಾಡಿ ಕೈಕೊಡ್ತು," ಅಂದೆ.

"ಅದ್ಯಾಕೆ ಒದ್ದಾಡ್ತೀಯ? ನನ್ ಥರ ಆರಾಮಾಗಿ ಬಸ್ಸಲ್ಲಿ ಬಾ," ಅಂದಳು ಅಕ್ಕ.