ಎಲ್ಲಿ ಎದ್ದರು?

ಒಂದೆರಡು ಸಲ ಬಿಟ್ಟರೆ ಮೇಷ್ಟ್ರ ಬಲಗೈಯ ತೋರುಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಹೋಟೆಲಿನ ಮೇಜು, ಬಸ್ಸಿನ ಕಿಟಕಿ, ತಮ್ಮದೇ ಮಂಡಿ, ಏನು ಸಿಕ್ಕರೂ ಅದರ ಮೇಲೆ ಆ ಬೆರಳು ತ್ರಿಕೋನವನ್ನೋ ವೃತ್ತವನ್ನೋ ಎಳೆಯುತ್ತಿತ್ತು. ಉಗುರಿನ ಸಂದಿಯಲ್ಲಿ ಸೀಮೆಸುಣ್ಣ ಕೂತು ತುದಿ ಸದಾ ಬೆಳ್ಳಗೆ. ವಿಭೂತಿಯ ಹಣೆಗೂ ಆ ಬೆರಳಿಗೂ ಒಂದೇ ಬಣ್ಣ. ರೇಡಿಯೋದಲ್ಲಿ ಮೊದಲ ಸಲ ಮಾತಾಡಲು ಕೂತಾಗ ಅದು ಮೇಜಿನ ಮೇಲೆ ಓಡಾಡಿ, ಮೈಕಿನಲ್ಲಿ ಇಲಿ ಕೆರೆದ ಹಾಗೆ ಸದ್ದು ಬಂತಂತೆ. ಕೈ ಸುಮ್ಮನಿಟ್ಟುಕೊಳ್ಳಿ ಎಂದು ಅಲ್ಲಿಯವರು ಹೇಳಿದರು. ಅಂದಿನಿಂದ ಅವರು ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಕೂತೇ ಮಾತಾಡುತ್ತಿದ್ದರು.

"ಕೈ ಕಟ್ಟಿ ಹಾಕಿದ ಮೇಲೇ ಕಣ್ರೀ ನನಗೆ ಬಾಯಿ ಬಂದಿದ್ದು" ಎಂದು ಅವರೇ ನನಗೆ ಹೇಳಿದ್ದರು.

ಅವರು ಶಿಕಾರಿಪುರದ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ನಾನು ಪುರಸಭೆಯ ರೇಡಿಯೋ ನೋಡಿಕೊಳ್ಳುವವನು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಮನೆಗೆ ರೇಡಿಯೋ ಇನ್ನೂ ಬಂದಿರಲಿಲ್ಲ. ಪುರಸಭೆಯ ಮುಂದಿನ ಬಯಲಲ್ಲಿ ಒಂದು ಕಂಬ, ಕಂಬದ ತುದಿಗೆ ಲೌಡ್‌ಸ್ಪೀಕರು, ಒಳಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ರೇಡಿಯೋ, ಬೀಗದ ಕೈ ನನ್ನ ಉಡುದಾರದಲ್ಲಿ. ಸಂಜೆಯಾದರೆ ನನಗಿದ್ದ ಗತ್ತು ಅಮಲ್ದಾರರಿಗೂ ಇರಲಿಲ್ಲ ಬಿಡಿ. ಮೊದಲು ಪೇಟೆ ಧಾರಣೆ, ಆಮೇಲೆ ವಾರ್ತೆ, ಆಮೇಲೆ ಯಾರದಾದರೂ ಭಾಷಣ, ಕೊನೆಗೆ ಜನಪದ ಹಾಡು. ಜನ ಬರುತ್ತಿದ್ದದ್ದು ಧಾರಣೆಗೆ ಮತ್ತು ಹಾಡಿಗೆ. ನಡುವಿನ ಭಾಷಣ ಇದ್ದದ್ದು ಬೀಡಿ ಸೇದುವುದಕ್ಕೆ, ಎದ್ದು ಹೋಗಿ ಬರುವುದಕ್ಕೆ.

ಆ ಹೊತ್ತಿನಲ್ಲಿ ತಿಂಗಳಿಗೊಮ್ಮೆ ನಮ್ಮ ಮೇಷ್ಟ್ರು ಗಣಿತದ ಬಗ್ಗೆ ಮಾತಾಡತೊಡಗಿದರು. ಧಾರವಾಡಕ್ಕೆ ಹೋಗಿ, ಮೈಕಿನ ಮುಂದೆ ಕೂತು ಮಾತಾಡಿ, ಮಾರನೇ ದಿನ ವಾಪಸ್ಸು. ಆಡಿದ ಮಾತು ಆಗಲೇ ಗಾಳಿಗೆ ಹೋಗುತ್ತಿತ್ತಾದ್ದರಿಂದ ತಮ್ಮ ಭಾಷಣವನ್ನು ಅವರು ಒಂದು ಸಲವೂ ಕೇಳಿದವರಲ್ಲ. ಬಸ್ಸಿಳಿದವರೇ ಚೀಲದ ಸಮೇತ ಪುರಸಭೆಗೆ ಬಂದು ನನ್ನ ಮುಂದೆ ನಿಲ್ಲುತ್ತಿದ್ದರು. ಚೆನ್ನಾಗಿತ್ತಾ ಎಂದು ಒಂದು ದಿನವೂ ಕೇಳಲಿಲ್ಲ. ಅವರು ಕೇಳುತ್ತಿದ್ದದ್ದು ಒಂದೇ.

"ಎಲ್ಲಿ ಎದ್ರು?"

ಅಂದರೆ ಜನ ಯಾವ ಮಾತಿಗೆ ಎದ್ದು ಹೋದರು ಎಂದು. ಮೊದಲ ಸಲ ನಾನೂ ಮುಲಾಜಿಲ್ಲದೆ ಹೇಳಿಬಿಟ್ಟೆ.

"ಅಲ್ಲ ಮೇಷ್ಟ್ರೇ, ನೀವು ಪ್ರಮೇಯ ಅಂದ್ರಿ, ಬೀಡಿ ಹಚ್ಚಿದ್ರು. ಇದರಿಂದ ಸಿದ್ಧವಾಗುವುದೇನೆಂದರೆ ಅಂದ್ರಿ, ಎದ್ದೇಬಿಟ್ರು. ನಾನೊಬ್ಬ ಕೂತಿದ್ದೆ. ನಾನು ಬೀಗ ಹಾಕ್ಬೇಕಲ್ಲ."

ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ತಲೆಯಾಡಿಸಿ, "ಸರಿ ಹಾಗಾದ್ರೆ, ಆ ಎರಡೂ ಮಾತು ತೆಗೆಯೋಣ" ಎಂದರು.

ಆಮೇಲಿಂದ ನನಗೊಂದು ಹೊಸ ಕೆಲಸ ಗಂಟುಬಿತ್ತು. ಧಾರವಾಡಕ್ಕೆ ಹೊರಡುವ ಮೊದಲು ಭಾಷಣವನ್ನು ನನಗೆ ಹೇಳಿ ನೋಡುತ್ತಿದ್ದರು. ಆದರೆ ನಾನು ಅವರಿಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ಕೂರಬೇಕು. "ನನ್ನ ಕೈ ನೋಡಬಾರದು ಕಣ್ರೀ. ಕೇಳೋರಿಗೆ ಕೈ ಕಾಣಲ್ಲ." ಅರ್ಥವಾಗದಿದ್ದರೆ ನಾನು ಕೆಮ್ಮಬೇಕು. ಮೊದಮೊದಲು ಕ್ಷಯ ಬಂದವನ ಹಾಗೆ ಕೆಮ್ಮುತ್ತಿದ್ದೆ. ಅವರು ಒಂದು ಸಲವೂ ರೇಗಲಿಲ್ಲ. ಹಿಂದಕ್ಕೆ ಹೋಗಿ, ಬೇರೆ ಮಾತು ಹುಡುಕಿ, ಮತ್ತೆ ಶುರು ಮಾಡುತ್ತಿದ್ದರು. ಇವರು ಮೈಸೂರಿನ ಕಾಲೇಜಿನಲ್ಲಿ ದೊಡ್ಡ ದೊಡ್ಡ ಹುಡುಗರಿಗೆ ಪಾಠ ಮಾಡಿದವರು, ಇವರು ಕಂಡುಹಿಡಿದ ಗಣಿತ ಪರದೇಶದ ಪತ್ರಿಕೆಯಲ್ಲಿ ಅಚ್ಚಾಗಿದೆ ಎಂದು ಹೆಡ್‌ಮಾಸ್ತರರು ಹೇಳುತ್ತಿದ್ದರು. ಅಂಥವರು ಅದೆಲ್ಲ ಬಿಟ್ಟು ಇಲ್ಲಿಗೆ ಬಂದು ನನ್ನ ಕೆಮ್ಮಿಗೆ ಹೆದರಿಕೊಂಡು ಕೂತಿರುವುದು ನನಗೆ ಆಗ ಅರ್ಥವಾಗಿರಲಿಲ್ಲ.

ಹುಣಸೆಬೀಜದ ಭಾಷಣ ಎಂದರೆ ನಮ್ಮೂರಿನ ಹಳಬರಿಗೆ ಈಗಲೂ ನೆನಪಿದ್ದೀತು. "ಒಂದು ಬೀಜ ಇಡಿ. ಅದರ ಮಗ್ಗುಲಿಗೂ ಕೆಳಗೂ ಸೇರಿಸಿ ಮೂರು ಇಡಿ. ಚೌಕ ಆಯಿತೇ? ಈಗ ಅದರ ಅಂಚಿಗೆ ಐದು ಇಡಿ. ಮತ್ತೆ ಚೌಕ ಆಯಿತೇ?" ಕಂಬದ ಮೇಲಿಂದ ಅವರ ದನಿ ಬರುತ್ತಿತ್ತು, ಒಂದೊಂದು ಮಾತು ಆದ ಮೇಲೂ ಕಾಯುತ್ತಿತ್ತು. ಬೀಜ ಯಾರ ಹತ್ತಿರ ಇದೆ? ಜನ ಕಲ್ಲು ಹೆಕ್ಕಿ ಮಣ್ಣಿನ ಮೇಲೆ ಇಡತೊಡಗಿದರು. ಏಳು ಇಟ್ಟರೂ ಚೌಕ, ಒಂಬತ್ತು ಇಟ್ಟರೂ ಚೌಕ. ತೊಗರ್ಸಿ ಕಡೆಯ ಒಬ್ಬ ಗೌಡರು ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು, "ಇದು ಎಲ್ಲಿಗೆ ನಿಲ್ತದೆ?" ಎಂದು ನನ್ನನ್ನು ಕೇಳಿದರು. "ನಿಲ್ಲಲ್ವಂತೆ ಗೌಡ್ರೇ" ಎಂದೆ. ಹಾಡು ಶುರುವಾದರೂ ಅವರು ಕಲ್ಲು ಬಿಟ್ಟು ಮೇಲೇಳಲಿಲ್ಲ. ಮಾರನೇ ದಿನ "ಯಾರೂ ಏಳ್ಲಿಲ್ಲ ಮೇಷ್ಟ್ರೇ" ಎಂದಾಗ ಅವರು ನಂಬದೆ ಎರಡು ಸಲ ಕೇಳಿದರು. ಆಮೇಲೆ, "ಎಲ್ಲ ಊರಲ್ಲೂ ಹೀಗೇ ಕೂತಿರ್ತಾರಾ?" ಎಂದರು. ಎಲ್ಲ ಊರು ಎಂದರೆ ಯಾವ ಊರು ಎಂದು ನಾನು ಕೇಳಲಿಲ್ಲ.

ಅದನ್ನು ನನಗೆ ಹೇಳಿದವನು ಬಸ್ಸಿನ ಕಂಡಕ್ಟರ್. ಧಾರವಾಡಕ್ಕೆ ಹೋಗುವಾಗ ಮೇಷ್ಟ್ರು ಶಿರಾಳಕೊಪ್ಪದಲ್ಲಿ ಇಳಿದು ಬಸ್ಸು ಬದಲಾಯಿಸಬೇಕಿತ್ತು. ಸೊರಬಕ್ಕೆ ಹೋಗುವ ಬಸ್ಸೂ ಅಲ್ಲೇ ನಿಲ್ಲುತ್ತಿತ್ತು. ಅದು ಹೊರಟು ತಿರುವು ದಾಟುವ ತನಕ ಇವರು ನೋಡುತ್ತಾ ನಿಂತಿರುತ್ತಾರಂತೆ, ಎಷ್ಟೋ ಸಲ ತಮ್ಮ ಬಸ್ಸು ತಪ್ಪಿಸಿಕೊಂಡಿದ್ದಾರಂತೆ. "ಹೆಂಡ್ತಿ ಊರಲ್ವೇನ್ರೀ ಅದು" ಎಂದ ಕಂಡಕ್ಟರ್, ನನಗೆ ಗೊತ್ತಿಲ್ಲದ್ದಕ್ಕೆ ಅವನಿಗೇ ಆಶ್ಚರ್ಯ.

ಕಥೆ ಇಷ್ಟೇ. ಮದುವೆಯಾಗಿ ಮೈಸೂರಿನಲ್ಲಿ ಸಂಸಾರ ಹೂಡಿದ್ದರು. ಇವರು ಬೆಳಗಿಂದ ಸಂಜೆಯ ತನಕ ಲೆಕ್ಕದಲ್ಲಿ ಮುಳುಗಿದವರು, ತಟ್ಟೆಯ ಮುಂದೆ ಕೂತಾಗಲೂ ಬೆರಳು ಅನ್ನದಲ್ಲಿ ಗೆರೆ ಎಳೆಯುತ್ತಿತ್ತು. ಕುಡಿತವಿಲ್ಲ, ಬೈಗುಳವಿಲ್ಲ, ಮಾತೂ ಇಲ್ಲ. ಕೆಲವು ವರ್ಷ ನೋಡಿ ಆಕೆ, "ಗೋಡೆ ಜೊತೆ ಸಂಸಾರ ಮಾಡೋಕೆ ನನಗೆ ಬರಲ್ಲ" ಎಂದು ಹೇಳಿ ಸೊರಬದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಣ್ಣನ ಮನೆಗೆ ಬಂದುಬಿಟ್ಟರು. ಮೇಷ್ಟ್ರು ಕಾಲೇಜು ಬಿಟ್ಟು ಶಿಕಾರಿಪುರಕ್ಕೆ ಬಂದದ್ದು ಆಕೆಗೆ ಹತ್ತಿರವಾಗಲೆಂದು. ಹತ್ತಿರ ಬಂದರು, ಆದರೆ ಶಿರಾಳಕೊಪ್ಪ ದಾಟಲಿಲ್ಲ.

ಒಂದು ದಿನ ಭಾಷಣ ಹೇಳಿ ನೋಡುವಾಗ ನನ್ನ ಬೆನ್ನ ಹಿಂದೆ ದನಿ ನಿಂತಿತು. ನಾನು ಕೆಮ್ಮಿರಲಿಲ್ಲ.

"ಈ ಸಲ ನೀವು ಇಲ್ಲಿ ಕೇಳಬೇಡ್ರಿ" ಎಂದರು. "ಸೊರಬಕ್ಕೆ ಹೋಗಿ ಕೇಳ್ತೀರಾ? ಅಲ್ಲೊಂದು ಬಟ್ಟೆ ಅಂಗಡಿ ಇದೆ. ಅಲ್ಲಿ ರೇಡಿಯೋ ತಗೊಂಡಿದ್ದಾರಂತೆ."

"ಏನು ನೋಡ್ಕೊಂಡ್ ಬರ್ಲಿ?"

"ಎಲ್ಲಿ ಎದ್ಲು ಅಂತ."

ತಿರುಗಿ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಗೋಡೆಗೇ ಹೂಂ ಅಂದೆ.

ಪುರಸಭೆಯ ಜವಾನನಿಗೆ ಗುಂಡಿ ತಿರುಗಿಸುವುದನ್ನು ಹೇಳಿಕೊಟ್ಟು ನಾನು ಸೊರಬಕ್ಕೆ ಹೋದೆ. ದೀಪ ಹಚ್ಚುವ ಹೊತ್ತು. ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಬಾಗಿಲು. ಆ ಹೊಸ್ತಿಲ ಒಳಗೆ ಒಬ್ಬ ಹೆಂಗಸು ಕೂತು ಬಾಳೆನಾರಿನಲ್ಲಿ ಹೂವು ಕಟ್ಟುತ್ತಿದ್ದರು. ನೋಡಿದ ಕೂಡಲೇ ಇವರೇ ಅನ್ನಿಸಿತು. ಪಂಚೆ ಬೇಕು ಎಂದು ಅಣ್ಣನ ಮುಂದೆ ಕೂತೆ. ಅಂಚು ಸರಿಯಿಲ್ಲ, ನೇಯ್ಗೆ ತೆಳುವು ಎಂದು ಒಂದೊಂದೇ ಬಿಡಿಸಿ ಹಾಕಿಸಿದೆ. ಆ ಪುಣ್ಯಾತ್ಮ ಅಂಗಡಿಯ ಪಂಚೆಯನ್ನೆಲ್ಲ ನನ್ನ ಮುಂದೆ ರಾಶಿ ಹಾಕಿದರು. ಅಷ್ಟರಲ್ಲಿ ವಾರ್ತೆ ಮುಗಿದು ಮೇಷ್ಟ್ರ ದನಿ ಬಂತು.

"ನಿಮ್ಮ ಹತ್ತಿರ ಉದ್ದನೆಯ ಪಟ್ಟಿ ಏನಾದರೂ ಇದ್ದರೆ ಕೈಗೆ ತೆಗೆದುಕೊಳ್ಳಿ. ಕಾಗದವಾದರೂ ಆದೀತು, ಬಾಳೆಪಟ್ಟೆಯಾದರೂ ಆದೀತು. ಅದಕ್ಕೆ ಒಂದು ಸಾದಾ ಗಂಟು ಹಾಕಿ. ಅವಸರ ಬೇಡ. ಮೆಲ್ಲಗೆ ಎಳೆದು, ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ."

ಆಕೆ ತಲೆಯೆತ್ತಲಿಲ್ಲ. ಹೂವು ಕಟ್ಟುತ್ತಿದ್ದ ನಾರಿಗೇ ಒಂದು ಗಂಟು ಹಾಕಿ ಒತ್ತಿದರು. ಅಷ್ಟು ಸಣ್ಣ ನಾರಿನಲ್ಲಿ ಏನು ಕಂಡೀತು? ಬರೀ ಗಂಟು. ಅದನ್ನು ಒಂದು ಗಳಿಗೆ ನೋಡಿದರು, ಹೂವನ್ನು ಮಡಿಲಿಂದ ಕೆಳಗಿಟ್ಟರು, ಎದ್ದು ಒಳಗೆ ಹೋಗಿಬಿಟ್ಟರು. ಭಾಷಣ ಇನ್ನೂ ಶುರುವಾಗಿದೆಯಷ್ಟೇ.

"ಈ ಲೆಕ್ಕ ಯಾರಿಗೆ ಬೇಕ್ರೀ" ಎಂದು ಅಣ್ಣ ಗುಂಡಿಗೆ ಕೈ ಚಾಚಿದರು.

"ಅಣ್ಣ, ಮುಟ್ಟಬೇಡ."

ಆಕೆ ವಾಪಸ್ಸು ಬಂದಿದ್ದರು. ಕೈಯಲ್ಲಿ ನೀರು ತೊಟ್ಟಿಕ್ಕುವ ಅಗಲವಾದ ಬಾಳೆಪಟ್ಟೆ. ಕೂತರು, ಗಂಟು ಹಾಕಿದರು, ಮೆಲ್ಲಗೆ ಎಳೆದರು, ಹೆಬ್ಬೆರಳಿನಿಂದ ಒತ್ತಿದರು. "ಈಗ ಮೂಲೆ ಎಣಿಸಿ" ಎಂದಿತು ರೇಡಿಯೋ. ಐದು. "ಅಳತೆಪಟ್ಟಿ ಮುಟ್ಟಿಲ್ಲ, ಕೈವಾರ ಮುಟ್ಟಿಲ್ಲ, ಆದರೂ ಐದು ಬದಿಯೂ ಸಮ. ನೀವು ಹೊಸದಾಗಿ ಮಾಡಿದ್ದಲ್ಲ ಇದು. ನೀವು ಗಂಟು ಹಾಕುವ ಮೊದಲೇ ಆ ಪಟ್ಟಿಯೊಳಗೆ ಇತ್ತು." ಆಮೇಲೆ ಅದು ಯಾಕೆ ಹಾಗಾಗುತ್ತದೆ ಎಂದು ಹೇಳುತ್ತಾ ಹೋದರು, ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಆಕೆ ಕೊನೆಯ ತನಕ ಕೂತಿದ್ದರು. ಹಾಡು ಶುರುವಾದಾಗ ಯಾರನ್ನೂ ನೋಡದೆ ಒಂದು ಮಾತಾಡಿದರು.

"ಇಷ್ಟೆಲ್ಲ ಮಾತು ಬರ್ತಿತ್ತಾ ಇವರಿಗೆ?"

ಬೇಡದ ಪಂಚೆ ಕಂಕುಳಲ್ಲಿಟ್ಟುಕೊಂಡು ನಾನು ಊರಿಗೆ ಬಂದೆ.

ಮಾರನೇ ದಿನ ಮೇಷ್ಟ್ರು ಬಂದು ನಿಂತರು, ಕೇಳಲಿಲ್ಲ. ನಾನೇ ಹೇಳಿದೆ. "ಪಟ್ಟಿ ತಗೊಳ್ಳಿ ಅಂದ್ರಲ್ಲ, ಅಲ್ಲಿ ಎದ್ರು." ಮೇಜಿನ ಮೇಲಿದ್ದ ಬೆರಳು ನಿಂತುಹೋಯಿತು. ಈ ನಾಲಿಗೆಗೆ ಬೆಂಕಿ ಬೀಳಲಿ, ಮೊದಲೇ ಪೂರ್ತಿ ಹೇಳಬಾರದೇ ನಾನು! "ಅಲ್ಲ ಮೇಷ್ಟ್ರೇ, ಕೇಳ್ರಿ ಇಲ್ಲಿ. ಪಟ್ಟೆ ತರೋಕೆ ಎದ್ರು. ಎದ್ದೋರೆಲ್ಲ ಹೋದ್ರು ಅಂತ ತಿಳ್ಕೊಂಡ್ರೆ ಹೇಗೆ?" ಎಂದು ಉಳಿದದ್ದನ್ನೆಲ್ಲ ಹೇಳಿದೆ, ಆಕೆಯ ಕೊನೆಯ ಮಾತನ್ನೂ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳುವುದಕ್ಕೆ ಬಹಳ ಹೊತ್ತಾಯಿತು.

"ಇವತ್ತೇ ಹೋಗಿ ಬರ್ರೀ" ಎಂದೆ. "ಬಸ್ ಇದೆ."

"ಅಲ್ಲಿ ಗಾಜಿನ ಕೋಣೇಲಿ ಎದುರಿಗೆ ಯಾರೂ ಇರಲ್ಲ ಕಣ್ರೀ. ಅದಕ್ಕೆ ಅಷ್ಟು ಮಾತು ಬರುತ್ತೆ. ಎದುರು ಕೂತ್ರೆ ಬರಲ್ಲ."

ನನಗೆ ಸಿಟ್ಟು ಬಂತು. ದೊಡ್ಡವರು, ಓದಿದವರು ಎಂದು ನೋಡದೆ ಬೈದೆ. ದಿನಾ ಬೈದೆ. ಕಡೆಗೆ ನನ್ನ ಕಾಟ ತಾಳದೆ ಒಂದು ಭಾನುವಾರ ಸೊರಬದ ಬಸ್ಸು ಹತ್ತಿದರು. ಸಂಜೆಯೇ ಬಂದರು.

"ಮಾತಾಡಿದ್ರಾ?"

"ಚೆನ್ನಾಗಿದೀಯಾ ಅಂದೆ. ಹೂಂ ಅಂದ್ಲು."

"ಆಮೇಲೆ?"

"ಕಾಫಿ ಕೊಟ್ಲು." ಬೆರಳು ಮಂಡಿಯ ಮೇಲೆ ಒಂದು ಸುತ್ತು ಸುತ್ತಿತು. "ಆಮೇಲೆ ಬಸ್ ಬಂತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಮತ್ತೆ ಹೋಗಲಿಲ್ಲ, ಆಕೆ ಬರಲಿಲ್ಲ. ಧಾರವಾಡಕ್ಕೆ ಮಾತ್ರ ತಪ್ಪದೆ ಹೋಗುತ್ತಿದ್ದರು. ಜೇನುಗೂಡಿನ ಬಗ್ಗೆ ಮಾತಾಡಿದರು, ಕುಬಟೂರಿನ ಗುಡಿಯ ಕಂಬ ಅಷ್ಟು ಗುಂಡಗೆ ಹೇಗೆ ಬಂತು ಎಂದು ಮಾತಾಡಿದರು, ಎಣಿಸಿ ಮುಗಿಯದ ಸಂಖ್ಯೆಗಳ ಬಗ್ಗೆ ಮಾತಾಡಿದರು. ಬಯಲಲ್ಲಿ ಕೂತ ಊರಿಗೆ ಊರೇ ತನಗೆ ಹೇಳುತ್ತಿದ್ದಾರೆ ಎಂದುಕೊಂಡು ಕೇಳುತ್ತಿತ್ತು. ಅದು ಯಾರಿಗೆ ಎಂದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ನನಗೂ ಆಗ ಹೊಸದಾಗಿ ಮದುವೆಯಾಗಿತ್ತು. ಮನೆಗೆ ಹೋದರೆ ಉಂಡು ಮಲಗುವುದು ಬಿಟ್ಟು ಬೇರೆ ಗೊತ್ತಿರಲಿಲ್ಲ. ಆಮೇಲೆ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಬೀಗ ಹಾಕಿದ್ದು, ಬ್ಯಾಟರಿ ಸತ್ತದ್ದು, ಗೌಡರು ಕಲ್ಲು ಜೋಡಿಸಿದ್ದು, ಏನಾದರೊಂದು. ಈಗ ನನ್ನ ಹೆಂಡತಿ "ಸ್ವಲ್ಪ ಬಾಯಿ ಮುಚ್ಚಿ" ಅನ್ನುತ್ತಾಳೆ. ಅನ್ನಲಿ. ಇದು ನನಗೆ ಮೇಷ್ಟ್ರಿಂದ ಬಂದದ್ದು.

ಎದೆನೋವು ಅವರನ್ನು ಹೆಚ್ಚು ದಿನ ಕಾಡಲಿಲ್ಲ. ಬೆಳಗ್ಗೆ ಶಾಲೆಗೆ ಬರಲಿಲ್ಲವೆಂದು ಹುಡುಗರು ಬಾಡಿಗೆ ಕೋಣೆಗೆ ಹೋಗಿ ನೋಡಿದಾಗ ಎಲ್ಲ ಮುಗಿದಿತ್ತು. ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದೆವು. ಬಲಗೈ ತೊಡೆಯ ಮೇಲಿತ್ತು, ಬೆರಳು ಅಲುಗುತ್ತಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಆಕೆ ಅಣ್ಣನ ಜೊತೆ ಬಂದರು. ಅಳಲಿಲ್ಲ. ನೇರ ಹೋಗಿ ಅವರ ಎದುರಿಗೆ ಕೂತರು, ಬಹಳ ಹತ್ತಿರ. ಅಣ್ಣ ನನ್ನ ಪಕ್ಕದಲ್ಲಿ ನಿಂತು, "ಇವರ ಭಾಷಣ ಇದ್ದ ದಿನ ನಮ್ಮನೇಲಿ ಯಾರೂ ಕೆಮ್ಮೋ ಹಾಗಿರಲಿಲ್ಲ ನೋಡ್ರಿ" ಎಂದರು.

ಎತ್ತುವ ಹೊತ್ತಾಯಿತು. ಸುತ್ತ ಕೂತ ಹೆಂಗಸರು ಎದ್ದರು, ಮೇಷ್ಟ್ರುಗಳು ಎದ್ದರು, ಬಾಗಿಲಾಚೆ ಕೂತಿದ್ದ ರೈತರೂ ಎದ್ದರು. ಆಕೆ ಏಳಲಿಲ್ಲ. ಅಣ್ಣ ಭುಜ ಮುಟ್ಟಿ "ಏಳು ತಂಗಿ" ಎಂದರು. "ಇರು, ಇನ್ನೂ ಸ್ವಲ್ಪ" ಎಂದರು ಆಕೆ. ಹೊರುವವರು ಮೇಷ್ಟ್ರನ್ನು ಎತ್ತಿಕೊಂಡು ಬೀದಿಗೆ ಇಳಿದರು. ಖಾಲಿಯಾದ ಗೋಡೆಯ ಎದುರಿಗೆ ಆಕೆ ಕೂತೇ ಇದ್ದರು.

ನಾನು ಮೆರವಣಿಗೆಯ ಹಿಂದೆ ಓಡಿದೆ, ಅಭ್ಯಾಸಬಲದಿಂದ, ಮೇಷ್ಟ್ರಿಗೆ ಹೇಳಬೇಕೆಂದು.