ಲೇಸರ್ ಅಳೆಯುವ ಡಬ್ಬಿ

ನಮ್ಮಮ್ಮನ ಪಾದಕ್ಕೆ ಕೆಂಡ ಇಟ್ಟರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಸ್ಪರ್ಶವನ್ನೇ ತಿಂದುಹಾಕಿತ್ತು. ಎಡಗಾಲಿನ ಹುಣ್ಣು ಮಾಯಲಿ ಎಂದು ವಾರಕ್ಕೆರಡು ಸಲ ಹಲಸೂರಿನಿಂದ ಆಟೋ ಹಿಡಿದು ರಿಚರ್ಡ್ಸ್ ಟೌನಿನ ಡಾಕ್ಟರಮ್ಮನ ಹತ್ತಿರ ಲೇಸರ್ ಹಾಕಿಸಲು ಹೋಗುತ್ತಿದ್ದೆವು. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅವರ ಯಂತ್ರ ಸೆಕೆಂಡ್ ಹ್ಯಾಂಡು. ಅದರ ಪರದೆಯ ಅಂಕಿಯನ್ನು ನಾನು ಒಂಚೂರೂ ನಂಬುತ್ತಿರಲಿಲ್ಲ.

ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಕಸುಬು. ಲೇಸರಿನ ಶಕ್ತಿ ಅಳೆಯುವ ಮೀಟರನ್ನು ನಾನೇ ಕಟ್ಟಿದೆ. ಬಿಸಿ ತಾಗಿದರೆ ಚೂರು ಕರೆಂಟು ಕೊಡುವ ಬಿಲ್ಲೆಗೆ, ಬೈಕಿನ ಸೈಲೆನ್ಸರಿಗೆ ಹೊಡೆಯುವ ಕಪ್ಪು ಬಣ್ಣ ಬಳಿದು, ಡಬ್ಬಿಯಂಥ ಬೆರಳುದ್ದದ ಕೊಳವೆಯ ತಳದಲ್ಲಿ ಕೂರಿಸಿ, ಮಲ್ಟಿಮೀಟರಿಗೆ ಜೋಡಿಸಿದ್ದೆ. ಆ ಕಪ್ಪು, ಬೆಳಕನ್ನೆಲ್ಲ ಹೀರಿ ಬಿಸಿಯಾಗಬೇಕು. ಪ್ರತಿ ಸಲವೂ ಲೇಸರ್ ಮೊದಲು ನನ್ನ ಡಬ್ಬಿಗೆ, ಆಮೇಲೆ ಅಮ್ಮನ ಕಾಲಿಗೆ.

ಆಯುಧಪೂಜೆ ಮುಗಿದ ವಾರ, ನಾಲ್ಕು ವಾಟ್ ತೋರಿಸಬೇಕಾದ ಮೀಟರು ಎರಡೂವರೆಗೆ ನಿಂತುಬಿಟ್ಟಿತು. ಗಾಳಿ ತಾಗುತ್ತಿದೆಯೇನೋ ಎಂದು ಫ್ಯಾನ್ ಆರಿಸಿದೆ. ಬ್ಯಾಟರಿ ಬದಲಿಸಿದೆ. ವೈರುಗಳನ್ನು ಎಳೆದು ನೋಡಿದೆ. ಜಪ್ಪಯ್ಯ ಅಂದರೂ ಮೇಲೇರಲಿಲ್ಲ.

"ಮಿಷಿನ್ ವೀಕ್ ಆಗೋಯ್ತಾ ಮೇಡಂ?" ಅಂದರು ಡಾಕ್ಟರಮ್ಮ.

"ನನ್ನ ಮೀಟ್ರಂತೂ ಸುಳ್ಳು ಹೇಳಲ್ಲ. ನಾಲ್ಕು ಬರೋವರ್ಗೂ ಏರ್ಸಿ ಡಾಕ್ಟ್ರೇ" ಅಂದೆ. ಎಂಥ ಜಂಭ ನನಗೆ!

ಅವರು ಏರಿಸಿದರು, ಮೀಟರು ನಾಲ್ಕು ತೋರಿಸಿತು. ಅಮ್ಮ ಹಸಿರು ಕನ್ನಡಕ ಹಾಕಿಕೊಂಡು ಕಾಲು ಚಾಚಿ ಮಲಗಿದಳು. ಕಣ್ಣಿಗೆ ಕಾಣದ ಬೆಳಕು ಹುಣ್ಣಿನ ಸುತ್ತ ಓಡಾಡತೊಡಗಿತು. ನನಗೆ ಮಾತ್ರ ಮನಸ್ಸು ತಡೆಯಲಿಲ್ಲ. ಧೂಳೇನಾದರೂ ಕೂತಿದೆಯೇ ಎಂದು ಕಡ್ಡಿಗೆ ಹತ್ತಿ ಸುತ್ತಿ ಕೊಳವೆಯೊಳಗೆ ತಿರುವಿದೆ. ಹತ್ತಿ ಕೆಂಪಾಗಿ ಹೊರಬಂತು. ಕುಂಕುಮ! ಜೊತೆಗೆ ಒಣಗಿದ ಗಂಧ. ಬೆಳಕು ಹೀರಬೇಕಾದ ಜಾಗದಲ್ಲಿ ಬೊಟ್ಟು ಕೂತು, ಅದರ ಒಂದು ಪಾಲನ್ನು ವಾಪಸು ಕಳಿಸುತ್ತಿತ್ತು. ಯಂತ್ರ ಮೊದಲಿನಂತೆಯೇ ಗಟ್ಟಿಯಾಗಿತ್ತು. ಅದನ್ನು ಏರಿಸಿ ಅಂದವಳು ನಾನು.

"ನಿಲ್ಸಿ! ನಿಲ್ಸಿ ಡಾಕ್ಟ್ರೇ!"

ಅವರು ತಟ್ಟನೆ ಯಂತ್ರದ ಪೆಡಲಿನಿಂದ ಕಾಲು ತೆಗೆದರು.

"ಯಾಕೇ ಹಂಗ್ ಕಿರುಚ್ತೀಯಾ? ನಂಗೇನೂ ಆಗ್ತಿಲ್ವಲ್ಲ" ಅಂದಳು ಅಮ್ಮ. ನಾನು ಬಗ್ಗಿ ಅವಳ ಪಾದ ನೋಡಿದೆ.

ಹುಣ್ಣಿನ ಪಕ್ಕ ಕಾಸಗಲ ಚರ್ಮ ಕೆಂಪೇರಿತ್ತು. ಸದ್ಯ, ಗುಳ್ಳೆ ಎದ್ದಿರಲಿಲ್ಲ. ಡಾಕ್ಟರಮ್ಮ ಮಗ್ಗಿನಿಂದ ತಣ್ಣೀರು ಸುರಿದರು, ನಾನು ಪಾದ ಹಿಡಿದು ನೆಲದ ಮೇಲೆ ಕೂತೆ. ಹೆದರಿಕೆ ಇಳಿದು ಸಿಟ್ಟು ಏರಿತು.

"ಆ ಡಬ್ಬಿಯೊಳಗೆ ಕುಂಕುಮ ಇಟ್ಟಿದ್ದು ನೀನೇ ತಾನೇ?"

ಅಮ್ಮ ಮುಖ ತಗ್ಗಿಸಿದಳು. ಹಿಂದಿನ ವರ್ಷದ ಪೂಜೆಯಲ್ಲಿ ಮಲ್ಟಿಮೀಟರಿನ ಮೇಲೆ ಬೊಟ್ಟಿಟ್ಟಿದ್ದಕ್ಕೆ ನಾನು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದೆ.

"ಹೊರಗಡೆ ಇಟ್ರೆ ಬೈತೀಯಲ್ಲಾ ಅಂತ ಒಳಗಡೆ ಇಟ್ಟೆ ಕಣೇ" ಅಂದಳು.