ಮೂತಿ ತಗ್ಗಿಸಿದ ದೋಣಿಯ ಪಟ್ಟಿ

ದೋಣಿ ರಿಪೇರಿಯ ಶೆಡ್ಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಎಲ್ಲರಿಗೂ ಅವನು ನಿಧಾನಪ್ಪ. ಹಳೆಯ ದೋಣಿಗಳ ಮೈಮೇಲಿನ ಸ್ಟಿಕ್ಕರ್ ಬಿಡಿಸುವುದು ಅವನ ಕೆಲಸ. ಬಣ್ಣದ ಪಟ್ಟಿ, ಅಕ್ಷರ, ಹಾರುವ ಮೀನು, ಹೀಗೆ ಯಾರೋ ಎಂದೋ ಆಸೆಪಟ್ಟು ಅಂಟಿಸಿದ್ದೆಲ್ಲ ಅವನ ಕೈಯಲ್ಲೇ ಇಳಿಯಬೇಕು. ಬಿಸಿಲಿಗೆ ಒಣಗಿದ ಸ್ಟಿಕ್ಕರ್ ಬೆಳ್ಳುಳ್ಳಿ ಸಿಪ್ಪೆಯಂತೆ. ಅವಸರ ಮಾಡಿದರೆ ಚೂರು ಚೂರಾಗಿ ಉಗುರಿಗೆ ಬರುತ್ತದೆ. ನಿಧಾನಪ್ಪ ಕೂದಲು ಒಣಗಿಸುವ ಡ್ರೈಯರ್ ಹಿಡಿದು ಒಂದು ಮೂಲೆಯನ್ನು ಬೆಚ್ಚಗೆ ಮಾಡುವನು. ಅಂಗೈ ತಡೆಯುವಷ್ಟೇ ಬಿಸಿ ಇರಬೇಕು, ಮೀರಿದರೆ ದೋಣಿಯ ಬಣ್ಣವೇ ಗುಳ್ಳೆ ಏಳುತ್ತದೆ. ಆಮೇಲೆ ಡಬ್ಬದ ಪ್ಲಾಸ್ಟಿಕ್ ಮುಚ್ಚಳ ಕತ್ತರಿಸಿ ಮಾಡಿಕೊಂಡ ತುಂಡಿನಿಂದ ಅಂಚು ಎಬ್ಬಿಸುವನು. ಪಟ್ಟಿಯನ್ನು ಮೇಲಕ್ಕೆ ಎಳೆಯದೆ, ಹಿಂದಕ್ಕೆ ಮಡಚಿ, ದೋಣಿಯ ಮೈಗೆ ತಾಗಿಸಿಕೊಂಡೇ ಎಳೆಯುವನು. ಕಬ್ಬಿಣದ ಬ್ಲೇಡು ಅವನ ಪೆಟ್ಟಿಗೆಯಲ್ಲೇ ಇಲ್ಲ.

ಡ್ರೈಯರ್ ಹೆಂಡತಿಯದು. ಮದುವೆಯಾದ ಹೊಸತರಲ್ಲಿ ಅವನೇ ಪ್ರೀತಿಯಿಂದ ತಂದುಕೊಟ್ಟದ್ದು. "ನನ್ನ ತಲೆ ಒಣಗಿಸಿದ್ದಕ್ಕಿಂತ ದೋಣಿಗಳ ಮೈ ಒಣಗಿಸಿದ್ದೇ ಹೆಚ್ಚು ಅದು," ಎಂದು ಅವಳು ಚುಚ್ಚುವಳು. ಹಾಗೆಂದು ವಾಪಸ್ಸು ಕೇಳಿದವಳಲ್ಲ.

ನಿಧಾನಪ್ಪ ಕೈಯಿಡಲು ಹೆದರಿದ್ದು ಒಂದೇ ದೋಣಿಗೆ. ಅದು ಮಾವನದು. ಮಾವ ಜೀವಮಾನವೆಲ್ಲ ಅದರಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸಿದವರು. ಮಂಡಿ ಹಿಡಿದುಕೊಂಡ ಮೇಲೆ ದೋಣಿಯನ್ನು ಮಗಳಿಗೆ, ಎಂದರೆ ನಿಧಾನಪ್ಪನ ಹೆಂಡತಿಗೆ, ಒಪ್ಪಿಸಿದರು. ಅವಳೂ ಚಿಕ್ಕಂದಿನಿಂದ ಅಪ್ಪನ ಪಕ್ಕದಲ್ಲಿ ಚುಕ್ಕಾಣಿ ಹಿಡಿದೇ ಬೆಳೆದವಳು. ಆದರೆ ದೋಣಿಯ ಎರಡು ಮಗ್ಗುಲಿಗೂ ಮಾವ ತಾವೇ ಅಂಟಿಸಿದ ಕೆಂಪು ಪಟ್ಟಿಯಿತ್ತು. ಹಿಂದುಗಡೆ ಮೇಲಿದ್ದ ಪಟ್ಟಿ ಮೂತಿಯ ಕಡೆ ಬರುಬರುತ್ತ ಕೆಳಗಿಳಿಯುತ್ತಿತ್ತು. ನೀರಿನಲ್ಲಿ ನಿಂತರೆ ದೋಣಿ ಮೂತಿ ತಗ್ಗಿಸಿ ಮುಳುಗಲು ಹೊರಟಂತೆ ಕಾಣುತ್ತಿತ್ತು.

ಮಾವ ದೋಣಿ ನಡೆಸುತ್ತಿದ್ದಾಗ ಜನ ಅವರ ಮುಖ ನೋಡಿ ನಗುತ್ತಲೇ ಹತ್ತುತ್ತಿದ್ದರು. ಈಗ ಹೊಸಬರು ದಡದಲ್ಲೇ ನಿಂತು, "ಮುಂದೆ ನೀರು ತುಂಬಿದೆಯೇನಮ್ಮಾ?" ಎಂದು ಕೇಳಿ ಪಕ್ಕದ ದೋಣಿಗೆ ಹೋಗುವರು.

"ಅಪ್ಪ, ಆ ಪಟ್ಟಿ ಸೊಟ್ಟಗಿದೆ. ತೆಗೆಸಿಬಿಡ್ತೀನಿ," ಎಂದು ಒಂದು ದಿನ ಮಗಳು ಹೇಳಿದಳು.

ಅಂದಿನಿಂದ ಮಾವ ಮಗಳ ಜೊತೆ ಮಾತು ಬಿಟ್ಟರು. ಇರುವುದು ಒಂದೇ ಮನೆ. ಊಟಕ್ಕೆ ಕೂತಾಗ ಮಗಳು ಎದುರಿಗಿದ್ದರೂ ಅಳಿಯನ ಕಡೆ ತಿರುಗುವರು. "ನಿಮ್ಮ ಹೆಂಡ್ತಿಗೆ ಹೇಳಿ, ಉಪ್ಪು ಈ ಕಡೆ ಕೊಡೋಕೆ."

"ನಿಮ್ಮ ಮಾವನಿಗೆ ಹೇಳ್ರೀ, ಉಪ್ಪು ಅವರ ಮೊಣಕೈ ಹತ್ರಾನೇ ಇದೆ."

ನಿಧಾನಪ್ಪ ಉಪ್ಪಿನ ಬಟ್ಟಲನ್ನು ಮಾವನ ಕಡೆಗೆ ಎರಡು ಬೆರಳಷ್ಟು ಸರಿಸುವನು.

ಕೊನೆಗೆ ದೋಣಿ ಶೆಡ್ಡಿಗೆ ಬಂತು. ಮಾವನೂ ಕೋಲೂರಿಕೊಂಡು ಹಿಂದೆಯೇ ಬಂದರು. "ಅಳಿಯಂದ್ರೇ, ನಾನು ಅಂಟಿಸಿದ್ದು ನೆಟ್ಟಗೇ ಇದೆ. ಅದನ್ನ ಸೊಟ್ಟ ಅಂದೋಳು ನನ್ನ ದೋಣಿ ನಡೆಸೋದು ಬೇಡ. ಪಟ್ಟಿ ಕಿತ್ರೆ ದೋಣಿ ನನಗೆ ವಾಪಸ್ ಕೊಡ್ಲಿ."

"ಕೊಡ್ತೀನಂತೆ, ಹೇಳ್ರೀ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. "ಜನ ಹತ್ತದ ದೋಣಿ ಇಟ್ಕೊಂಡು ನಾನೇನು ಅದರಲ್ಲಿ ಬಟ್ಟೆ ಒಣಗಿಸಲಾ?"

ದನಿ ಗಟ್ಟಿ ಮಾಡಿದ್ದಳಾದರೂ ಕಣ್ಣು ತುಂಬಿತ್ತು. ನಿಧಾನಪ್ಪನಿಗೆ ಅದು ಕಂಡಿತು. ಆ ದೋಣಿ ಬಿಟ್ಟರೆ ಅವಳಿಗೆ ಬೇರೆ ಏನೂ ಹಿಡಿಸದೆಂದು ಅವನು ಬಲ್ಲ.

ಯಾರ ಪಕ್ಷ ವಹಿಸಿದರೂ ಕಷ್ಟ. ಅವನು ದಿನವೂ ಮಾಡುವುದನ್ನೇ ಮಾಡಿದ. ಒದ್ದೆ ಬಟ್ಟೆಯಲ್ಲಿ ಪಟ್ಟಿಯನ್ನು ಒರೆಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ. ಕೈ ತಪ್ಪಿ ಅಂಟಿಸಿದ ಪಟ್ಟಿ ಅಲ್ಲಲ್ಲಿ ಏರಿ ಇಳಿದಿರುತ್ತದೆ. ಇದರಲ್ಲಿ ಒಂದು ಸುಕ್ಕಿಲ್ಲ, ಎಲ್ಲೂ ಅಂಕುಡೊಂಕಿಲ್ಲ. ಆ ಮಗ್ಗುಲಿಗೆ ಹೋಗಿ ನೋಡಿದ. ಅಲ್ಲೂ ಕೂದಲೆಳೆ ವ್ಯತ್ಯಾಸವಿಲ್ಲದೆ ಅಷ್ಟೇ ಇಳಿಜಾರು.

"ಮಾವ, ಇದನ್ನ ಅಂಟಿಸಿದಾಗ ದೋಣಿ ಎಲ್ಲಿತ್ತು?"

"ಎಲ್ಲಿರತ್ತೆ? ಮರಳಿನ ಮೇಲೆ. ನೀರಲ್ಲಿ ಕತ್ತು ಮಟ್ಟ ನಿಂತು ಅಂಟಿಸಲಾ?"

"ಮೂತಿ ದಡದ ಕಡೆಗಾ?"

"ಮತ್ತೆ ಬಾಲ ಹಿಡಿದು ಎಳೀತಾರಾ? ಮೂತಿ ಹಿಡಿದು ಮೇಲಕ್ಕೆ ಎಳೆದಿದ್ವಿ. ದೂರದ ನೀರಿನ ಗೆರೆ ನೋಡ್ಕೊಂಡು, ಅದಕ್ಕೆ ಸರಿಯಾಗಿ ಹೊಂದಿಸಿದೆ. ಆ ಗೆರೆ ಯಾವತ್ತಾದ್ರೂ ಸೊಟ್ಟ ಆಗತ್ತಾ?"

ನಿಧಾನಪ್ಪ ಮೂಲೆಯಿಂದ ಒಂದು ಹಲಗೆ ತಂದು ಅಡ್ಡಲಾಗಿ ನಿಲ್ಲಿಸಿದ. ಒಂದು ತುದಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ. ಕಿಟಕಿಯ ಕೆಳಚೌಕಟ್ಟಿನ ಮಟ್ಟಕ್ಕೆ ಸರಿಯಾಗಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಇಟ್ಟಿಗೆ ತೆಗೆದ. ಹಲಗೆ ನೆಲಕ್ಕೆ ಕೂತಿತು. ಇಟ್ಟಿಗೆ ಇದ್ದ ಕಡೆ ಗೆರೆ ಕೆಳಗಿಳಿಯಿತು, ಥೇಟ್ ದೋಣಿಯ ಪಟ್ಟಿಯಂತೆ.

"ಮರಳು ಇಳಿಜಾರಾಗಿತ್ತು ಮಾವ. ನಿಮ್ಮ ಕೈ ತಪ್ಪಲಿಲ್ಲ. ನೀವು ಅಂಟಿಸುವಾಗ ದೋಣಿ ತಲೆ ಎತ್ಕೊಂಡು ನಿಂತಿತ್ತು, ಅಷ್ಟೇ."

ಮಾವ ತಾವೇ ಬಗ್ಗಿ ಇಟ್ಟಿಗೆ ಇಟ್ಟರು. ತೆಗೆದರು. ಮತ್ತೆ ಇಟ್ಟರು. ಮೊದಲು ಅವರ ಭುಜ ಕುಲುಕಿತು, ಆಮೇಲೆ ನಗು ಬಂತು. "ಕುಡಿದು ಅಂಟಿಸಿದಾನೆ ಅಂತಿದ್ರು, ಕತ್ತೆಗಳು. ಕೇಳಿ ಕೇಳಿ ನನಗೇ ಅನುಮಾನ ಬಂದಿತ್ತು."

"ಕುಡಿದಿದ್ಯಾ ಅಪ್ಪ?" ಮಗಳ ಬಾಯಿಂದ ಜಾರಿತು.

"ನಿನ್ನ ತಲೆ! ಚಹಾ ಕೂಡ ಕುಡಿದಿರಲಿಲ್ಲ."

ನೇರವಾಗಿ ಅವಳಿಗೇ ಹೇಳಿದ್ದರು. ಹೇಳಿದ ಮೇಲೆ ಅವರಿಗೂ ತಿಳಿಯಿತು. ಕೋಲನ್ನು ಗೋಡೆಗೆ ಒರಗಿಸಿದರು. "ಕೊಡಿ ಅಳಿಯಂದ್ರೇ, ಆ ತಲೆ ಒಣಗಿಸೋದನ್ನ. ಅಂಟಿಸಿದೋನು ನಾನು, ಬಿಡಿಸೋನೂ ನಾನೇ. ಬಾರೇ ಮಗಳೇ, ಅಂಚು ಹಿಡಿ."

ಪಟ್ಟಿಯ ಅಡಿಯಲ್ಲಿ ದೋಣಿ ಕೊಂಡ ದಿನದ ನೀಲಿ ಹಾಗೇ ಇತ್ತು. ಬಿಸಿಲು ತಿಂದ ಸುತ್ತಲಿನ ಬಣ್ಣದ ನಡುವೆ ಅದು ಹೊಸ ಬಟ್ಟೆಯಂತೆ ಎದ್ದು ಕಂಡಿತು. ಪಾಲಿಶ್ ಹಾಕಿ ಸುತ್ತಲೂ ಉಜ್ಜದಿದ್ದರೆ ಆ ಸೊಟ್ಟ ಗುರುತು ಹೋಗುವುದಿಲ್ಲ ಎಂದು ನಿಧಾನಪ್ಪ ಹೇಳಿದ. ಅಪ್ಪ ಸ್ಟೂಲಿನ ಮೇಲೆ ಕೂತು ಕೆಳಗೆ ಉಜ್ಜಿದರು, ಮಗಳು ನಿಂತು ಮೇಲೆ ಉಜ್ಜಿದಳು. ಅವಳು ಒತ್ತಿದ್ದು ಸಾಲದೆಂದು ಅವರು ಗದರಿದರು. ಅವರು ಪಾಲಿಶ್ ಹೆಚ್ಚು ಬಳಿದರೆಂದು ಅವಳು ಗೊಣಗಿದಳು. ನಿಧಾನಪ್ಪ ಒಂದು ಬಟ್ಟೆ ಹಿಡಿದು ಹತ್ತಿರ ಹೋದ. ಇಬ್ಬರೂ ಒಟ್ಟಿಗೇ, "ನೀವು ಬಿಡ್ರೀ," "ನೀವು ಕೂತ್ಕೊಳ್ಳಿ ಅಳಿಯಂದ್ರೇ," ಎಂದು ಅವನನ್ನು ದೂರ ಕಳಿಸಿದರು.